ತಿಂಗಳ ನೋವು ಮತ್ತು ಮೀನಿನ ಎಣ್ಣೆ

ನಮ್ಮ ಕಲ್ಪತರು ನಾಡಿನ ಆಡುಮಾತಿನಲ್ಲಿ ಹೆಣ್ಣಿನ ತಿಂಗಳ ಸ್ರಾವಕ್ಕೆ ಹೆಸರುಗಳ ಕೊರತೆಯಿಲ್ಲ. ‘ಮುಟ್ಟು’ ಎಂಬುದು ಎಲ್ಲರೂ ಬಲ್ಲ ಮಾತು. ‘ಹೊರಗಾದಳು’, ‘ದೂರ ಕೂತಳು’ ಎನ್ನುವುದುಂಟು. ಮನೆಯ ಮಕ್ಕಳು ಕೇಳಿದರೆ ‘ಅಮ್ಮನನ್ನು ಕಾಗೆ ಮುಟ್ಟಿದೆ’ ಎಂದು ಹೇಳಿ ಸುಮ್ಮನಾಗಿಸುವುದೂ ಉಂಟು. ಈ ಮಾತುಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಆಕೆ ಎಲ್ಲಿ ಕೂರಬೇಕು, ಯಾರನ್ನು ಮುಟ್ಟಬಾರದು ಎಂಬುದನ್ನು ಇವು ಹೇಳುತ್ತವೆ. ಆಕೆಗೆ ಏನಾಗುತ್ತಿದೆ ಎಂಬುದನ್ನು ಹೇಳುವುದಿಲ್ಲ. ನೋವಿಗೆ ಈ ಪದಗಳಲ್ಲಿ ಜಾಗವೇ ಇಲ್ಲ. ಶಬ್ದಗಳ ಒಳಹೊರಗನ್ನು ಬಲ್ಲ ತೀ.ನಂ.ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅಂಥವರನ್ನು ಕೊಟ್ಟ ಸೀಮೆಯಲ್ಲಿಯೂ ಈ ನೋವು ‘ಹೊಟ್ಟೆನೋವು’ ಎಂಬ ಸಾಧಾರಣ ಮಾತಿನ ಮರೆಯಲ್ಲಿಯೇ ಉಳಿದುಬಂದಿದೆ.

ಹೆಸರಿಲ್ಲದ ನೋವಿಗೆ ಮದ್ದನ್ನು ಕೇಳುವುದಾದರೂ ಹೇಗೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಲ್ಲಿ ಹೆಣ್ಣಿಗೆ ಬಿಡುವೆಂಬುದು ಅಪರೂಪ. ಕೊಟ್ಟಿಗೆಯ ಕೆಲಸ, ಅಡಿಗೆಯ ಕೆಲಸ, ಕಾಯಿ ಹೊರುವುದು, ಕೊಬ್ಬರಿಯ ಚಿಪ್ಪು ಬಿಡಿಸುವುದು, ನಾರಿನ ಕೆಲಸ, ಒಂದಾದ ಮೇಲೊಂದು ಕಾದಿರುತ್ತವೆ. ಶಾಲೆ ಕಾಲೇಜಿಗೆ ಹೋಗುವ ಹುಡುಗಿ ಬಸ್ಸಿನಲ್ಲಿ ನಿಂತೇ ಪಟ್ಟಣ ಸೇರಬೇಕು. ತಿಂಗಳಿಗೊಂದು ದಿನ, ಎರಡು ದಿನ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುವವಳಿಗೆ ಸಿಗುವ ಸಾಂತ್ವನದ ಮಾತು ಬಹುತೇಕ ಒಂದೇ: ‘ಎಲ್ಲರಿಗೂ ಆಗೋದೇ ಕಣಮ್ಮ, ಮದುವೆಯಾಗಿ ಒಂದು ಹೆರಿಗೆಯಾದರೆ ಸರಿಹೋಗುತ್ತೆ.’ ಈ ಮಾತಿನಲ್ಲಿ ಸತ್ಯದ ಅಂಶವಿಲ್ಲದಿಲ್ಲ. ಹೆರಿಗೆಯ ನಂತರ ಹಲವರಿಗೆ ಈ ನೋವು ತಗ್ಗುತ್ತದೆ. ಆದರೆ ಹದಿನಾಲ್ಕು ವರ್ಷದ ಹುಡುಗಿಗೆ ಹೇಳಬಹುದಾದ ಚಿಕಿತ್ಸೆ ಇದಾಗಲಾರದು.

ಈಚಿನ ವರ್ಷಗಳಲ್ಲಿ ಈ ನೋವಿಗೆ ಮೀನಿನ ಎಣ್ಣೆಯ ಮಾತ್ರೆ ಒಳ್ಳೆಯದು ಎಂಬ ಸುದ್ದಿ ಪಟ್ಟಣಗಳಿಂದ ಹಳ್ಳಿಗಳವರೆಗೂ ಹಬ್ಬಿದೆ. ಔಷಧದ ಅಂಗಡಿಗಳಲ್ಲಿ ಜೇನುಬಣ್ಣದ, ಮೃದುವಾದ ಆ ಮಾತ್ರೆಗಳು ದೊರೆಯುತ್ತವೆ. ಸಮುದ್ರದಿಂದ ಬಹು ದೂರದ ಈ ತೆಂಗಿನ ಸೀಮೆಯಲ್ಲಿ, ಮೀನನ್ನು ಮುಟ್ಟದ ಮನೆಗಳೇ ಹಲವಿರುವ ಊರುಗಳಲ್ಲಿ, ಈ ಸುದ್ದಿಯನ್ನು ಹೇಗೆ ಸ್ವೀಕರಿಸಬೇಕು? ಇದರಲ್ಲಿ ನಿಜವೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ಕೊಂಚ ಸಾವಧಾನವಾಗಿ ನೋಡುವುದು ಉಚಿತ.

ಮೊದಲು ನೋವಿನ ಸ್ವರೂಪವನ್ನು ತಿಳಿಯೋಣ. ಮುಟ್ಟಿನ ನೋವಿನಲ್ಲಿ ಎರಡು ಬಗೆ. ಗರ್ಭಕೋಶದಲ್ಲಿ ಯಾವ ರೋಗವೂ ಇಲ್ಲದೆ ಬರುವುದು ಒಂದು. ಗಡ್ಡೆ, ಸೋಂಕು ಮೊದಲಾದ ಬೇರೊಂದು ತೊಂದರೆಯ ಫಲವಾಗಿ ಬರುವುದು ಇನ್ನೊಂದು. ಹದಿಹರೆಯದಲ್ಲಿ ಕಾಣುವುದು ಬಹುಮಟ್ಟಿಗೆ ಮೊದಲನೆಯ ಬಗೆ. ಹುಡುಗಿ ಮೈನೆರೆದ ಕೂಡಲೇ ಇದು ಬರುವುದಿಲ್ಲ. ಆರು ತಿಂಗಳೋ ಒಂದೆರಡು ವರ್ಷವೋ ಕಳೆದು, ಅಂಡಾಶಯದಿಂದ ತಿಂಗಳು ತಿಂಗಳು ಅಂಡ ಹೊರಬರತೊಡಗಿದ ಮೇಲೆ ಆರಂಭವಾಗುತ್ತದೆ. ಸ್ರಾವಕ್ಕೆ ಕೆಲವು ಗಂಟೆ ಮೊದಲು ಅಥವಾ ಅದರೊಡನೆಯೇ ಬಂದು, ಒಂದರಿಂದ ಮೂರು ದಿನ ಕಾಡಿ ಹೋಗುತ್ತದೆ. ಕಿಬ್ಬೊಟ್ಟೆಯಿಂದ ಸೊಂಟಕ್ಕೆ, ತೊಡೆಗಳಿಗೆ ಇಳಿಯುತ್ತದೆ. ಕೆಲವರಿಗೆ ವಾಂತಿ, ಭೇದಿ, ತಲೆಸುತ್ತು ಜೊತೆಗೂಡುತ್ತವೆ. ಮುಟ್ಟಾಗುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಪ್ರಮಾಣದಲ್ಲಿ ಇದನ್ನು ಅನುಭವಿಸುತ್ತಾರೆ.

ನಮ್ಮ ಪ್ರಾಚೀನ ವೈದ್ಯರು ಇದನ್ನು ಕಂಡಿದ್ದರು. ಚರಕಸಂಹಿತೆಯಲ್ಲಿ ‘ಉದಾವರ್ತಿನೀ’ ಎಂಬ ಸ್ಥಿತಿಯ ವರ್ಣನೆಯಿದೆ. ನೋವಿನಿಂದ ಸ್ರಾವವಾಗುವುದು, ಸ್ರಾವವಾದೊಡನೆ ಸುಖವೆನಿಸುವುದು ಅದರ ಲಕ್ಷಣ. ಆದರೆ ಇಪ್ಪತ್ತನೆಯ ಶತಮಾನದ ಆಧುನಿಕ ವೈದ್ಯವೇ ಇದನ್ನು ಬಹುಕಾಲ ಮನಸ್ಸಿನ ದೌರ್ಬಲ್ಯವೆಂದು, ಹುಡುಗಿಯರ ಅತಿ ಸೂಕ್ಷ್ಮತೆಯೆಂದು ತಳ್ಳಿಹಾಕುತ್ತಿತ್ತು. ಆ ಭ್ರಮೆಯನ್ನು ಒಡೆದದ್ದು ರಸಾಯನಶಾಸ್ತ್ರ. 1930ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಎಂಬ ವಿಜ್ಞಾನಿ ಪುರುಷನ ವೀರ್ಯದಲ್ಲಿ ಸ್ನಾಯುಗಳನ್ನು ಸಂಕುಚಿಸುವ ಒಂದು ವಸ್ತುವನ್ನು ಕಂಡು, ಅದು ಪ್ರಾಸ್ಟೇಟ್ ಗ್ರಂಥಿಯಿಂದ ಬಂದುದೆಂದು ಭಾವಿಸಿ ‘ಪ್ರೊಸ್ಟಾಗ್ಲಾಂಡಿನ್’ ಎಂದು ಹೆಸರಿಟ್ಟ. 1957ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಪಿಕಲ್ಸ್ ಎಂಬಾತ ಮುಟ್ಟಿನ ಸ್ರಾವದಲ್ಲಿಯೂ ಸ್ನಾಯುವನ್ನು ಹಿಂಡುವ ವಸ್ತುವಿದೆ ಎಂದು ತೋರಿಸಿದ. ಮುಂದೆ ಅದು ಇದೇ ಪ್ರೊಸ್ಟಾಗ್ಲಾಂಡಿನ್ ಎಂದು ತಿಳಿಯಿತು. ಹೀಗೆ ಹೆಣ್ಣಿನ ನೋವಿನ ಕಾರಣಕ್ಕೆ ಗಂಡಿನ ಗ್ರಂಥಿಯ ಹೆಸರು ಅಂಟಿಕೊಂಡದ್ದು ವಿಜ್ಞಾನದ ಚರಿತ್ರೆಯ ಒಂದು ವಿನೋದ.

ನಡೆಯುವುದು ಇಷ್ಟು. ತಿಂಗಳ ಕೊನೆಯಲ್ಲಿ ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟಿರೋನ್ ಎಂಬ ಹಾರ್ಮೋನು ತಗ್ಗುತ್ತದೆ. ಗರ್ಭಕೋಶದ ಒಳಪದರ ಕಳಚತೊಡಗುತ್ತದೆ. ಆ ಪದರದ ಜೀವಕೋಶಗಳ ಗೋಡೆಯಲ್ಲಿ ಅಡಗಿದ್ದ ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿನಂಶ ಬಿಡುಗಡೆಯಾಗಿ, ಒಂದು ಕಿಣ್ವದ ಕೈಗೆ ಸಿಕ್ಕಿ, ಪ್ರೊಸ್ಟಾಗ್ಲಾಂಡಿನ್ ಆಗಿ ಮಾರ್ಪಡುತ್ತದೆ. ಇದು ಗರ್ಭಕೋಶದ ಸ್ನಾಯುವನ್ನು ಬಲವಾಗಿ ಹಿಂಡುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ. ರಕ್ತ ಸಾಲದ ಸ್ನಾಯು ನೋಯುತ್ತದೆ. ಓಡಿ ಓಡಿ ಕಾಲಿನ ಮೀನಖಂಡ ಹಿಡಿದುಕೊಂಡಾಗ ಆಗುವ ನೋವಿಗೂ ಇದಕ್ಕೂ ಕುಲಸಂಬಂಧವಿದೆ. ನೋವು ತೀವ್ರವಾಗಿರುವವರ ಗರ್ಭಕೋಶದೊಳಗಿನ ಒತ್ತಡವು ಹೆರಿಗೆಯ ಬೇನೆಯ ಒತ್ತಡಕ್ಕೆ ಸಮೀಪವಾಗುವುದುಂಟು. ‘ಎಲ್ಲರಿಗೂ ಆಗೋದೇ’ ಎನ್ನುವವರು ಇದನ್ನು ನೆನಪಿಡಬೇಕು: ಎಲ್ಲರಲ್ಲೂ ಆಗುವುದು ನಿಜ, ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ಹೆಚ್ಚು ನೋಯುವವಳಲ್ಲಿ ಈ ವಸ್ತು ಹೆಚ್ಚಾಗಿಯೇ ಇರುತ್ತದೆ.

1971ರಲ್ಲಿ ಜಾನ್ ವೇನ್ ಎಂಬ ವಿಜ್ಞಾನಿ ಆಸ್ಪಿರಿನ್ ಮೊದಲಾದ ನೋವುನಿವಾರಕಗಳು ಪ್ರೊಸ್ಟಾಗ್ಲಾಂಡಿನ್ ಹುಟ್ಟುವುದನ್ನೇ ತಡೆಯುತ್ತವೆಂದು ತೋರಿಸಿದ. 1982ರಲ್ಲಿ ಆತನಿಗೂ, ಸ್ವೀಡನ್ನಿನ ಬೆರ್ಗ್‌ಸ್ಟ್ರೋಮ್ ಮತ್ತು ಸಾಮುಯೆಲ್ಸನ್ ಅವರಿಗೂ ನೊಬೆಲ್ ಬಹುಮಾನ ಸಂದಿತು. ಇಬುಪ್ರೊಫೆನ್, ಮೆಫೆನಾಮಿಕ್ ಆಮ್ಲ ಮೊದಲಾದ ಗುಳಿಗೆಗಳು ಮುಟ್ಟಿನ ನೋವಿಗೆ ನಾಟುವುದು ಈ ಕಾರಣದಿಂದಲೇ.

ಮೀನಿನ ಎಣ್ಣೆ ಈ ಕಥೆಯೊಳಗೆ ಬರುವುದು ಇಲ್ಲಿ. ಪ್ರೊಸ್ಟಾಗ್ಲಾಂಡಿನ್ ಹುಟ್ಟುವುದು ಕೊಬ್ಬಿನಿಂದ. ಜೀವಕೋಶದ ಗೋಡೆಯಲ್ಲಿ ಯಾವ ಕೊಬ್ಬು ಇರುತ್ತದೆಂಬುದು ಸ್ವಲ್ಪಮಟ್ಟಿಗೆ ನಾವು ಉಣ್ಣುವುದನ್ನು ಅವಲಂಬಿಸಿದೆ. 1970ರ ಸುಮಾರಿಗೆ ಡೆನ್ಮಾರ್ಕಿನ ಬಾಂಗ್ ಮತ್ತು ಡೈಯರ್‌ಬೆರ್ಗ್ ಎಂಬ ವೈದ್ಯರು ಗ್ರೀನ್‌ಲೆಂಡಿನ ಇನ್ಯುಯಿಟ್ ಜನರ ರಕ್ತವನ್ನು ಪರೀಕ್ಷಿಸಿದರು. ಸೀಲ್ ಮತ್ತು ಮೀನನ್ನು ಉಂಡು ಬದುಕುವ ಆ ಜನರ ರಕ್ತದಲ್ಲಿ ಒಮೆಗಾ-3 ಎಂಬ ವರ್ಗಕ್ಕೆ ಸೇರಿದ ಕೊಬ್ಬಿನ ಆಮ್ಲಗಳು ಅಧಿಕವಾಗಿದ್ದುದು ಕಂಡಿತು. ಇವುಗಳಲ್ಲಿ ಮುಖ್ಯವಾದವು ಎರಡು; ಉದ್ದನೆಯ ಹೆಸರುಗಳನ್ನು ಬಿಟ್ಟು ಅವನ್ನು ಇ.ಪಿ.ಎ. ಮತ್ತು ಡಿ.ಎಚ್.ಎ. ಎಂದೇ ಕರೆಯುವುದು ರೂಢಿ. ಇವು ಜೀವಕೋಶದ ಗೋಡೆಯಲ್ಲಿ ಅರಾಕಿಡೋನಿಕ್ ಆಮ್ಲದ ಜಾಗವನ್ನು ತಕ್ಕಮಟ್ಟಿಗೆ ಆಕ್ರಮಿಸುತ್ತವೆ. ಅದೇ ಕಿಣ್ವ ಇ.ಪಿ.ಎ.ಯಿಂದಲೂ ಪ್ರೊಸ್ಟಾಗ್ಲಾಂಡಿನ್ ತಯಾರಿಸುತ್ತದೆ. ಆದರೆ ಅದು ದುರ್ಬಲ ಜಾತಿಯದು, ಹಿಂಡುವ ಕಸುವು ಕಡಿಮೆ. ಕಣಜದಲ್ಲಿರುವ ಧಾನ್ಯ ಬದಲಾದರೆ ಬೀಸುವ ಕಲ್ಲಿನಿಂದ ಬರುವ ಹಿಟ್ಟೂ ಬದಲಾಗುತ್ತದೆ, ಅಷ್ಟೆ.

ಇದು ತರ್ಕ. ತರ್ಕ ಚೆನ್ನಾಗಿದ್ದ ಮಾತ್ರಕ್ಕೆ ಮದ್ದು ಫಲಿಸಬೇಕೆಂದಿಲ್ಲ, ಪರೀಕ್ಷೆ ಬೇಕು. 1995ರಲ್ಲಿ ಬೆಂಟೆ ಡಾಯ್ಚ್ ಎಂಬ ಸಂಶೋಧಕಿ 181 ಮಂದಿ ಡೇನಿಷ್ ಹೆಂಗಸರ ಊಟವನ್ನೂ ನೋವನ್ನೂ ವಿಚಾರಿಸಿ, ಒಮೆಗಾ-3 ಕಡಿಮೆ ಉಣ್ಣುವವರಿಗೆ ನೋವು ಹೆಚ್ಚೆಂದು ವರದಿ ಮಾಡಿದರು. ಮರುವರ್ಷ, 1996ರಲ್ಲಿ, ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ಒಂದು ಪರೀಕ್ಷೆ ಪ್ರಕಟವಾಯಿತು. ಹದಿಹರೆಯದ 42 ಹುಡುಗಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ತಿಂಗಳು ಮೀನೆಣ್ಣೆ, ಬಳಿಕ ಎರಡು ತಿಂಗಳು ಹುಸಿಮಾತ್ರೆ. ಇನ್ನೊಂದು ಗುಂಪಿಗೆ ಮೊದಲು ಹುಸಿಮಾತ್ರೆ, ಆಮೇಲೆ ಮೀನೆಣ್ಣೆ. ನೋವು ಮತ್ತು ಇತರ ಬಾಧೆಗಳನ್ನು ಅಂಕಗಳಲ್ಲಿ ಅಳೆದಾಗ, ಮೊದಲು ಸರಾಸರಿ 69.9 ಇದ್ದದ್ದು ಎರಡು ತಿಂಗಳ ಮೀನೆಣ್ಣೆಯ ನಂತರ 44.0ಕ್ಕೆ ಇಳಿದಿತ್ತು. 2012ರಲ್ಲಿ ಇರಾನಿನಿಂದ ಬಂದ ವರದಿಯಲ್ಲಿ 95 ಯುವತಿಯರು ಭಾಗವಹಿಸಿದ್ದರು. ಒಮೆಗಾ-3 ತೆಗೆದುಕೊಂಡ ತಿಂಗಳುಗಳಲ್ಲಿ ಅವರ ನೋವು ತಗ್ಗಿತು. ನುಂಗಬೇಕಾಗಿ ಬಂದ ಇಬುಪ್ರೊಫೆನ್ ಗುಳಿಗೆಗಳ ಸಂಖ್ಯೆಯೂ ಇಳಿಯಿತು.

ಹಾಗಾದರೆ ವಿಷಯ ಇತ್ಯರ್ಥವಾಯಿತೆ? ಅವಸರ ಬೇಡ. ಚಿಕಿತ್ಸೆಗಳ ಸಾಕ್ಷ್ಯವನ್ನು ನಿಷ್ಠುರವಾಗಿ ತೂಗುವ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2016ರಲ್ಲಿ ಮುಟ್ಟಿನ ನೋವಿನ ಪೂರಕ ಆಹಾರಗಳ ಬಗ್ಗೆ 27 ಪರೀಕ್ಷೆಗಳನ್ನು, 3101 ಹೆಂಗಸರ ಅನುಭವವನ್ನು ಪರಿಶೀಲಿಸಿತು. ಯಾವುದೇ ಪೂರಕ ಆಹಾರದ ಪರವಾಗಿ ಉತ್ತಮ ದರ್ಜೆಯ ಸಾಕ್ಷ್ಯವಿಲ್ಲ ಎಂಬುದು ಅದರ ತೀರ್ಪು. ಮೀನೆಣ್ಣೆ, ಶುಂಠಿ, ಮೆಂತ್ಯ, ಬಿ-1 ಜೀವಸತ್ವ ಮೊದಲಾದ ಕೆಲವು ಫಲಕಾರಿಯಾಗಬಹುದೆಂಬ ಅಲ್ಪ ಸೂಚನೆಯಿದೆ ಎಂದಷ್ಟೇ ಅದು ಒಪ್ಪಿಕೊಂಡಿತು. 2024ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆ 12 ಅಧ್ಯಯನಗಳನ್ನು, 881 ಹೆಂಗಸರನ್ನು ಒಟ್ಟಿಗೆ ನೋಡಿ, ದಿನಕ್ಕೆ 300ರಿಂದ 1800 ಮಿಲಿಗ್ರಾಂ ಒಮೆಗಾ-3ನ್ನು ಎರಡು ಮೂರು ತಿಂಗಳು ಸೇವಿಸಿದರೆ ನೋವೂ ಗುಳಿಗೆಗಳ ಬಳಕೆಯೂ ತಗ್ಗುತ್ತವೆಂದು ಕಂಡಿತು. ಆದರೆ ಅಧ್ಯಯನಗಳಲ್ಲಿ ಹಲವು ಚಿಕ್ಕವು, ಲೋಪವುಳ್ಳವು. ಆದ್ದರಿಂದ ನ್ಯಾಯವಾಗಿ ಹೇಳಬಹುದಾದ ಮಾತು ಇದು: ಮೀನೆಣ್ಣೆ ಹಲವರಿಗೆ ನೋವನ್ನು ಕೊಂಚ ಹಗುರಗೊಳಿಸೀತು, ಕೆಲವರಿಗೆ ಏನೂ ಮಾಡದೆಯೂ ಇದ್ದೀತು, ನೋವನ್ನು ಬೇರುಸಹಿತ ಕೀಳುವ ಸಂಜೀವಿನಿ ಅದಲ್ಲ.

ಅದು ಕೆಲಸ ಮಾಡುವ ರೀತಿ ಗುಳಿಗೆಯ ರೀತಿಗಿಂತ ಭಿನ್ನ ಎಂಬುದನ್ನೂ ತಿಳಿಯಬೇಕು. ನೋವು ಬಂದ ಹೊತ್ತಿಗೆ ಒಂದು ಮಾತ್ರೆ ನುಂಗಿ ಗಡಿಯಾರ ನೋಡುತ್ತ ಕುಳಿತರೆ ಏನೂ ಆಗದು. ತಿಪಟೂರಿನ ಉಂಡೆ ಕೊಬ್ಬರಿ ಹೇಗೆ ತಯಾರಾಗುತ್ತದೆಂದು ಈ ಸೀಮೆಯವರಿಗೆ ಹೇಳಬೇಕಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲುಗಿಸಿದರೆ ಸದ್ದಾಗುವವರೆಗೆ ಯಾರೂ ಕಾಯಿಯನ್ನು ಒಡೆಯುವುದಿಲ್ಲ. ಜೀವಕೋಶದ ಗೋಡೆಯ ಕೊಬ್ಬು ಬದಲಾಗುವುದೂ ಇಂಥದೇ ನಿಧಾನದ ಕೆಲಸ. ದಿನವೂ, ಊಟದೊಡನೆ, ಕನಿಷ್ಠ ಎರಡು ಮೂರು ತಿಂಗಳು ತೆಗೆದುಕೊಂಡ ಮೇಲೆಯೇ ಫಲವೇನೆಂದು ನೋಡಬೇಕು.

ಇನ್ನು ಲೆಕ್ಕದ ಮಾತು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘1000 ಮಿಲಿಗ್ರಾಂ’ ಎಂದಿರುತ್ತದೆ. ಅದು ಎಣ್ಣೆಯ ತೂಕ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ, ಸಾಮಾನ್ಯ ಮಾತ್ರೆಯಲ್ಲಿ ಇ.ಪಿ.ಎ. 180 ಮಿಲಿಗ್ರಾಂ, ಡಿ.ಎಚ್.ಎ. 120 ಮಿಲಿಗ್ರಾಂ, ಒಟ್ಟು 300 ಮಾತ್ರ ಎಂದು ತಿಳಿಯುತ್ತದೆ. ಸಿನ್ಸಿನಾಟಿಯ ಹುಡುಗಿಯರಿಗೆ ಕೊಟ್ಟದ್ದು ದಿನಕ್ಕೆ 1080 ಮತ್ತು 720, ಒಟ್ಟು 1800 ಮಿಲಿಗ್ರಾಂ. ಆ ಪ್ರಮಾಣ ಬೇಕಾದರೆ ದಿನಕ್ಕೆ ಆರು ಮಾತ್ರೆ. ಎರಡು ತಿಂಗಳಿಗೆ 360. ಕೂಲಿಯ ಹಣದಲ್ಲಿ ಮನೆ ನಡೆಸುವವಳಿಗೆ ಇದು ಎಟುಕುವ ಮಾತೇ? ಕಡಿಮೆ ಪ್ರಮಾಣದಲ್ಲಿಯೂ ಫಲ ಕಂಡ ಪರೀಕ್ಷೆಗಳಿರುವುದರಿಂದ ಆರು ಮಾತ್ರೆಯೇ ಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಸತ್ವ ಹೆಚ್ಚಿರುವ ಮಾತ್ರೆಗಳೂ ಇವೆ. ಕೊಳ್ಳುವವರು ಮುಂಬದಿಯ ಅಂಕಿಯನ್ನು ಬಿಟ್ಟು ಹಿಂಬದಿಯ ಎರಡು ಅಂಕಿಗಳನ್ನು ಕೂಡಿ ನೋಡಬೇಕು. ಮೂರು ತಿಂಗಳು ಕ್ಯಾಲೆಂಡರಿನಲ್ಲಿ ನೋವಿನ ದಿನಗಳನ್ನೂ ನುಂಗಿದ ಗುಳಿಗೆಗಳನ್ನೂ ಗುರುತು ಹಾಕಿಕೊಂಡು, ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿಬಿಡುವುದು ಜಾಣತನ.

ಮಾತ್ರೆಯೇ ಏಕೆ, ಅಡಿಗೆಮನೆಯಲ್ಲಿ ಇದಕ್ಕೆ ಉತ್ತರವಿಲ್ಲವೇ ಎಂದು ಕೇಳಬಹುದು. ನಮ್ಮಲ್ಲಿ ಹುಡುಗಿ ಮೈನೆರೆದಾಗ ಕೊಬ್ಬರಿ ಬೆಲ್ಲ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ತುಪ್ಪ, ಮೆಂತ್ಯ ತಿನ್ನಿಸುವ ವಾಡಿಕೆಯಿದೆ. ಬೆಳೆಯುವ ಮೈಗೆ ಇವು ಪುಷ್ಟಿಕರ. ತಿನ್ನಿಸುವ ಕೈಗಳ ಅಕ್ಕರೆಯೂ ಸಣ್ಣದಲ್ಲ. ಆದರೆ ಒಮೆಗಾ-3ರ ದೃಷ್ಟಿಯಿಂದ ನೋಡಿದರೆ ಕೊಬ್ಬರಿಯಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ತೆಂಗಿನ ಎಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲವೆಂಬ ಬೇರೆ ಜಾತಿಯ ಕೊಬ್ಬು. ಎಳ್ಳು ಮತ್ತು ಈ ಭಾಗದ ಹೊಲಗಳ ಹುಚ್ಚೆಳ್ಳು ಒಮೆಗಾ-6 ವರ್ಗದ ಲಿನೋಲಿಯಿಕ್ ಆಮ್ಲವುಳ್ಳವು. ದೇಹವು ಅರಾಕಿಡೋನಿಕ್ ಆಮ್ಲವನ್ನು ತಯಾರಿಸಿಕೊಳ್ಳುವುದು ಈ ವರ್ಗದಿಂದ. ಕೊಬ್ಬರಿಯನ್ನು ಮಾರುಕಟ್ಟೆಗೆ ಕಳುಹಿಸಿ ಪ್ಯಾಕೆಟ್ಟಿನ ಸೂರ್ಯಕಾಂತಿ ಎಣ್ಣೆಯನ್ನು ಮನೆಗೆ ತರುವ ಇಂದಿನ ಕಾಲದಲ್ಲಿ ಲಿನೋಲಿಯಿಕ್ ಆಮ್ಲ ತಟ್ಟೆಗೆ ಹೇರಳವಾಗಿಯೇ ಬೀಳುತ್ತದೆ. ಹಾಗೆಂದು ಎಳ್ಳನ್ನೋ ಎಣ್ಣೆಯನ್ನೋ ದೂರುವುದು ತಪ್ಪು. ಅವುಗಳಿಂದಲೇ ನೋವು ಬರುತ್ತದೆಂದು ಯಾರೂ ಸಿದ್ಧಪಡಿಸಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆ ಖಾಲಿಯಿದೆ ಎಂಬುದಷ್ಟೇ ಇಲ್ಲಿಯ ಮಾತು.

ಆ ತಟ್ಟೆಯನ್ನು ತುಂಬುವುದರಲ್ಲಿ ಮೀನು ಉಣ್ಣುವವರಿಗೆ ಸುಲಭದ ದಾರಿಯಿದೆ. ಮಲ್ಲಾಘಟ್ಟದ ಕೆರೆ, ಬೋರನಕಣಿವೆಯ ಜಲಾಶಯದಂಥ ಸಿಹಿನೀರಿನಲ್ಲಿ ಬೆಳೆಯುವ ಗೆಂಡೆ ಜಾತಿಯ ಮೀನುಗಳಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಒಮೆಗಾ-3ರ ಪ್ರಮಾಣವೂ ಕಡಿಮೆ. ಘಟ್ಟದ ಕೆಳಗಿನಿಂದ ಮಂಜುಗಡ್ಡೆಯಲ್ಲಿ ಬರುವ ಬೂತಾಯಿ ಮತ್ತು ಬಂಗುಡೆ ಈ ವಿಷಯದಲ್ಲಿ ಶ್ರೀಮಂತ. ಬೂತಾಯಿಯನ್ನು ಕೆಲವೆಡೆ ಬೈಗೆ ಎಂದೂ ಕರೆಯುತ್ತಾರೆ. ಕೊಬ್ಬು ತುಂಬಿದ ಕಾಲದ ನೂರು ಗ್ರಾಂ ಬೂತಾಯಿಯಲ್ಲಿ ಸುಮಾರು ಒಂದು ಗ್ರಾಂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಒಮೆಗಾ-3 ಸಿಗುತ್ತದೆ. ಅಂದರೆ ಮೂರು ಸಾಮಾನ್ಯ ಮಾತ್ರೆಗಳಿಗಿಂತ ಕಡಿಮೆಯೇನಲ್ಲ. ವಾರಕ್ಕೆ ಎರಡು ಮೂರು ಸಲ ಇದರ ಸಾರು ಮಾಡಿದರೆ ಇಡೀ ಮನೆಗೆ ಒಳ್ಳೆಯದು.

ಮೀನೆಣ್ಣೆ ಕನ್ನಡ ನಾಡಿಗೆ ಹೊಸತೂ ಅಲ್ಲ. ಕರಾವಳಿಯಲ್ಲಿ ಬೂತಾಯಿಯನ್ನು ಬೇಯಿಸಿ ತೆಗೆದ ಎಣ್ಣೆಯನ್ನು ದೋಣಿಯ ಮರಕ್ಕೆ ಬಳಿಯುತ್ತಿದ್ದರು, ದೀಪಕ್ಕೆ ಉರಿಸುತ್ತಿದ್ದರು. ಉಳಿದ ಹಿಂಡಿ ತೋಟಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು. ಇಂದಿಗೂ ಉಳ್ಳಾಲ, ಮಲ್ಪೆಗಳ ಕಡೆ ಮೀನೆಣ್ಣೆಯ ಕಾರ್ಖಾನೆಗಳಿವೆ. ಔಷಧವೆಂದು ಹಿಂದಿನ ತಲೆಮಾರು ಬಲ್ಲದ್ದು ಮಾತ್ರ ಬೇರೆಯದು: ಕಾಡ್ ಅಥವಾ ಶಾರ್ಕ್ ಮೀನಿನ ಯಕೃತ್ತಿನ ಎಣ್ಣೆ. ಇವೆರಡರ ಭೇದವನ್ನು ಮರೆಯಬಾರದು. ಯಕೃತ್ತಿನ ಎಣ್ಣೆಯಲ್ಲಿ ಎ ಮತ್ತು ಡಿ ಜೀವಸತ್ವಗಳು ಅಧಿಕ. ಒಮೆಗಾ-3ರ ಆಸೆಯಿಂದ ಅದನ್ನು ಯಥೇಚ್ಛವಾಗಿ ಕುಡಿದರೆ ಎ ಜೀವಸತ್ವ ಮಿತಿಮೀರುತ್ತದೆ. ಗರ್ಭಿಣಿಯರ ಮಟ್ಟಿಗಂತೂ ಅದು ಶಿಶುವಿಗೇ ಹಾನಿಕರ.

ಮೀನನ್ನು ಉಣ್ಣದ ಮನೆಗಳ ಹುಡುಗಿಯರು ಏನು ಮಾಡಬೇಕು? ಮೊದಲಿಗೆ, ಆ ಮೃದು ಮಾತ್ರೆಯ ಹೊರಕವಚ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಾಟಿನ್ನಿನಿಂದ ಆದದ್ದು ಎಂಬುದನ್ನು ಅವರಿಗೆ ತಿಳಿಸಬೇಕು. ತಿಳಿಸದೆ ನುಂಗಿಸುವುದು ಸಲ್ಲದು. ಉತ್ತರ ಕರ್ನಾಟಕದ ಊಟದಲ್ಲಿ ಚಟ್ನಿಪುಡಿಯಾಗಿ ನಿತ್ಯವೂ ಬರುವ ಅಗಸೆ ಬೀಜದಲ್ಲಿ ಸಸ್ಯಮೂಲದ ಒಮೆಗಾ-3 ಹೇರಳವಾಗಿದೆ. ಆದರೆ ದೇಹವು ಅದರಲ್ಲಿ ಬಹು ಸಣ್ಣ ಪಾಲನ್ನು ಮಾತ್ರ ಇ.ಪಿ.ಎ. ಆಗಿ ಪರಿವರ್ತಿಸಬಲ್ಲದು. ಆದ್ದರಿಂದ ಅಗಸೆ ಒಳ್ಳೆಯ ಆಹಾರ, ಮೀನೆಣ್ಣೆಗೆ ಸರಿಸಾಟಿಯಲ್ಲ. ಇನ್ನೊಂದು ದಾರಿ ಸ್ವಾರಸ್ಯಕರವಾದದ್ದು. ಸಮುದ್ರದ ಮೀನು ಈ ಆಮ್ಲಗಳನ್ನು ಬಹುಮಟ್ಟಿಗೆ ತಾನೇ ತಯಾರಿಸುವುದಿಲ್ಲ. ನೀರಿನ ಸೂಕ್ಷ್ಮ ಪಾಚಿ ತಯಾರಿಸಿದ್ದನ್ನು ಆಹಾರದ ಸರಪಣಿಯ ಮೂಲಕ ಪಡೆದು ಕೂಡಿಡುತ್ತದೆ. ಆ ಪಾಚಿಯಿಂದಲೇ ನೇರವಾಗಿ ತೆಗೆದ ಎಣ್ಣೆಯ ಮಾತ್ರೆಗಳು ಈಗ ಬಂದಿವೆ. ಬೆಲೆ ಹೆಚ್ಚು, ಮುಟ್ಟಿನ ನೋವಿನ ಪರೀಕ್ಷೆಗಳು ನಡೆದಿರುವುದು ಬಹುಪಾಲು ಮೀನೆಣ್ಣೆಯ ಮೇಲೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಮೀನೆಣ್ಣೆ ಸಾಧಾರಣವಾಗಿ ನಿರಪಾಯಕಾರಿ. ಮೀನಿನ ವಾಸನೆಯ ತೇಗು, ಹೊಟ್ಟೆ ತೊಳೆಸುವಿಕೆ, ಸಡಿಲ ಭೇದಿ ಕೆಲವರಿಗೆ ಆಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮೊದಲಾದ ಔಷಧ ಸೇವಿಸುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿರುವವರು, ಮೀನು ಒಗ್ಗದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಕಮಟು ನಾರುವ ಎಣ್ಣೆಯನ್ನು ಎಸೆಯುವುದೇ ಲೇಸು; ಕೆಟ್ಟ ಕೊಬ್ಬರಿಯ ವಾಸನೆ ಬಲ್ಲ ಮೂಗಿಗೆ ಇದನ್ನು ಕಲಿಸಬೇಕಾಗಿಲ್ಲ.

ಇದಕ್ಕಿಂತ ಸುಲಭವಾದ, ಅಗ್ಗವಾದ ಉಪಾಯಗಳು ಮನೆಯಲ್ಲಿಯೇ ಇವೆ ಎಂಬುದನ್ನು ಮರೆಯಬಾರದು. ಕಿಬ್ಬೊಟ್ಟೆಗೆ ಬಿಸಿ ಕೊಡುವುದು ಅವುಗಳಲ್ಲಿ ಮೊದಲನೆಯದು. 2001ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿಯ ಪಟ್ಟಿಯನ್ನು ಹೊಟ್ಟೆಯ ಮೇಲೆ ಗಂಟೆಗಟ್ಟಲೆ ಇಟ್ಟುಕೊಂಡವರಿಗೆ ಇಬುಪ್ರೊಫೆನ್ ನುಂಗಿದವರಷ್ಟೇ ಉಪಶಮನ ದೊರೆಯಿತು. ಬಿಸಿನೀರಿನ ಚೀಲಕ್ಕೆ, ಅದಿಲ್ಲದಿದ್ದರೆ ಬಟ್ಟೆ ಸುತ್ತಿದ ಬಿಸಿನೀರಿನ ಸೀಸೆಗೆ, ದೊಡ್ಡ ಖರ್ಚೇನಿಲ್ಲ. ಒಣಶುಂಠಿಯ ಪುಡಿಯೂ ಮೊದಲ ಮೂರು ದಿನ ಕೆಲವರಿಗೆ ಗುಣ ಕೊಟ್ಟಿರುವುದನ್ನು ಇರಾನಿನ ಪರೀಕ್ಷೆಗಳು ತೋರಿಸಿವೆ. ನಮ್ಮ ಅಜ್ಜಿಯರ ಶುಂಠಿ ಕಷಾಯ ಬರಿಯ ನಂಬಿಕೆಯಾಗಿರಲಿಲ್ಲ. ಇವು ಸಾಲದಿದ್ದರೆ ಗುಳಿಗೆ ನುಂಗಲು ಅಂಜಬೇಕಾಗಿಲ್ಲ. ವೈದ್ಯರು ಹೇಳಿದ ಗುಳಿಗೆಯನ್ನು ನೋವು ಆರಂಭವಾದ ಕೂಡಲೇ, ಊಟದ ಮೇಲೆ, ಒಂದೆರಡು ದಿನ ತೆಗೆದುಕೊಳ್ಳುವುದು ಕ್ರಮ. ಹೊಟ್ಟೆಹುಣ್ಣು, ಉಬ್ಬಸ, ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ಹೇಳಬೇಕು. ಮೆಫೆನಾಮಿಕ್ ಆಮ್ಲದಿಂದ ಅಪರೂಪಕ್ಕೆ ತೀವ್ರವಾದ ಅಲರ್ಜಿ ಉಂಟಾಗಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರಲ್ಲಿ ಎಚ್ಚರಿಸಿದೆ. ಗುಳಿಗೆಯ ನಂತರ ಮೈಮೇಲೆ ದದ್ದು, ಜ್ವರ ಕಂಡರೆ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು.

ಯಾವ ನೋವನ್ನು ಮನೆಮದ್ದಿಗೂ ಮೀನೆಣ್ಣೆಗೂ ಒಪ್ಪಿಸಬಾರದು ಎಂಬುದು ಇವೆಲ್ಲಕ್ಕಿಂತ ಮುಖ್ಯ. ಮೊದಲು ಇಲ್ಲದ ನೋವು ಇಪ್ಪತ್ತೈದು, ಮೂವತ್ತರ ನಂತರ ಹೊಸದಾಗಿ ಬಂದರೆ, ತಿಂಗಳಿಂದ ತಿಂಗಳಿಗೆ ಏರುತ್ತ ಹೋದರೆ, ಮುಟ್ಟಿಲ್ಲದ ದಿನಗಳಲ್ಲಿಯೂ ಕಾಡಿದರೆ, ಸ್ರಾವ ವಿಪರೀತವಾದರೆ, ಜ್ವರವೋ ದುರ್ವಾಸನೆಯ ಸ್ರಾವವೋ ಜೊತೆಗೂಡಿದರೆ, ಗುಳಿಗೆಗೂ ಜಗ್ಗದಿದ್ದರೆ, ಅದು ಎರಡನೆಯ ಬಗೆಯ ನೋವಿರಬಹುದು. ಗರ್ಭಕೋಶದ ಗಡ್ಡೆ, ಸೋಂಕು ಇರಬಹುದು. ಒಳಪದರದಂಥ ಅಂಗಾಂಶವೇ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ರೋಗವಿರಬಹುದು. ಹದಿಹರೆಯದವರಲ್ಲಿಯೂ ಇದು ಅಸಾಧ್ಯವಲ್ಲ. ಹರೆಯದವರ ಸಮಾಲೋಚನೆಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ಏರ್ಪಾಡಿದೆ. ತಡ ಮಾಡಿದಷ್ಟೂ, ಕೊನೆಗೆ ಬೇಸತ್ತು ‘ಗರ್ಭಕೋಶ ತೆಗೆಸಿಬಿಟ್ಟರೆ ಪೀಡೆ ಕಳೆಯಿತು’ ಎನ್ನುವ ಸ್ಥಿತಿಗೆ ಹೆಂಗಸರು ಬರುತ್ತಾರೆ. ಅಂಥ ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಮದ್ದು ಫಲಿಸಬೇಕಾದರೆ ನೋವುಳ್ಳವಳು ಮಾತಾಡಬೇಕು, ಸುತ್ತಲಿನವರು ಕೇಳಬೇಕು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರು ಹೆಣ್ಣಿನ ದೇಹದ ಸಂಗತಿಗಳನ್ನು ಸಂಕೋಚವಿಲ್ಲದ, ಸಭ್ಯವಾದ ಕನ್ನಡದಲ್ಲಿ ಬರೆಯಬಹುದೆಂದು ದಶಕಗಳ ಹಿಂದೆಯೇ ತೋರಿಸಿಕೊಟ್ಟರು. ವಚನಕಾರರ ಪರಂಪರೆ ರಜಸ್ಸಿನ ಸೂತಕವನ್ನು ಒಪ್ಪಲಿಲ್ಲ. ಆದರೂ ಆ ಪರಂಪರೆಯನ್ನು ಗೌರವಿಸುವ ಈ ಜಿಲ್ಲೆಯಲ್ಲಿಯೇ, ಹಲವು ಗೊಲ್ಲರಹಟ್ಟಿಗಳ ಹೆಣ್ಣುಮಕ್ಕಳು ಮುಟ್ಟಿನ ದಿನಗಳನ್ನು ಊರಾಚೆಯ ಗುಡಿಸಲಿನಲ್ಲಿ ಕಳೆಯುವುದು ಬಹುಕಾಲ ನಡೆದುಬಂತು. ಹಾಗೆ ಬಲವಂತವಾಗಿ ದೂರವಿಡುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧಕ ಕಾಯಿದೆ ಅಪರಾಧವೆಂದು ಸಾರಿದೆ. ಚಳಿಯ ರಾತ್ರಿ ಬರಿನೆಲದ ಮೇಲೆ ಹೊಟ್ಟೆ ಹಿಡಿದು ಮಲಗಿದ ಹುಡುಗಿಗೆ ಒಂದು ಸೀಸೆ ಬಿಸಿನೀರು ಕೊಡುವವರೂ ಹತ್ತಿರ ಇರುವುದಿಲ್ಲ. ಅವಳೆದುರು ಮೀನೆಣ್ಣೆಯ ಗುಣಗಾನ ಮಾಡುವುದರಲ್ಲಿ ಅರ್ಥವೇನು?

2025ರ ಅಕ್ಟೋಬರಿನಲ್ಲಿ ರಾಜ್ಯದ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ನೀಡಿತು. ಈ ನೋವು ನಿಜವಾದದ್ದು ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು, ಅದು ಸ್ವಾಗತಾರ್ಹ. ಆದರೆ ತನ್ನದೇ ಮನೆಯ ಅಟ್ಟದಿಂದ ಕಾಯಿ ಇಳಿಸುವ ಸೊಸೆಗೆ, ದಿನಗೂಲಿಗೆ ಕೊಬ್ಬರಿ ಬಿಡಿಸುವ ಹೆಣ್ಣಾಳಿಗೆ ರಜೆ ಬರೆದುಕೊಡುವ ಕಚೇರಿ ಯಾವುದೂ ಇಲ್ಲ. ಅವರ ರಜೆ ಮನೆಯವರ ಕೈಯಲ್ಲಿದೆ. ‘ಇವತ್ತು ನೀನು ಮಲಗಿಕೋ ತಾಯಿ, ನೀರು ಕಾಯಿಸಿ ಕೊಡುತ್ತೇನೆ’ ಎಂದು ಅತ್ತೆಯೋ ಗಂಡನೋ ಹೇಳಿದರೆ ಆ ದಿನದ ಮೊದಲ ಔಷಧ ಅದೇ ಆಗುತ್ತದೆ. ಮೀನೆಣ್ಣೆಯ ಮಾತ್ರೆ ಕೊಳ್ಳಬಲ್ಲವರು ಮೂರು ತಿಂಗಳು ಪ್ರಯೋಗಿಸಿ ನೋಡಲಿ. ಕೊಳ್ಳಲಾರದವರಿಗೆ ಬೂತಾಯಿ ಇದೆ, ಬಿಸಿನೀರಿದೆ, ಶುಂಠಿಯಿದೆ, ಆಸ್ಪತ್ರೆಯಿದೆ. ನೋಯುತ್ತಿದೆ ಎಂದು ಹೇಳುವ ಹುಡುಗಿಯನ್ನು ನಂಬುವ ಕಿವಿಗಳು ಮಾತ್ರ ಪ್ರತಿ ಮನೆಯಲ್ಲಿಯೂ ಇರಬೇಕು. ಅವು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.